ಎರಡು ಶ್ರಾವಣಗಳ ವರ್ಷ

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿರುವ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದು, ಪ್ರೂಫ್ ತಿದ್ದುವುದು ನನ್ನ ಪಾಲಿನ ಕೆಲಸ. ವರ್ಷವಿಡೀ ಮದುವೆ ಪತ್ರಿಕೆ, ತಿಥಿ ಕಾರ್ಡು, ಡೈರಿಯ ರಸೀತಿ ಪುಸ್ತಕ. ನವೆಂಬರ್ ಬಂದರೆ ಮಾತ್ರ ಕ್ಯಾಲೆಂಡರ್. ಅಂಗಡಿಯವರು ತಮ್ಮ ಹೆಸರು ಹಾಕಿಸಿ ಗಿರಾಕಿಗಳಿಗೆ ಹಂಚುವ, ಮೊಳೆಗೆ ನೇತುಹಾಕುವ ಗೋಡೆ ಕ್ಯಾಲೆಂಡರ್. ನಮ್ಮದು ಬೂದಿಕೋಟೆ, ಕ್ಯಾಸಂಬಳ್ಳಿ, ಆಂಡರ್ಸನ್‌ಪೇಟೆಯ ತನಕ ಹೋಗುತ್ತಿತ್ತು. ಚಿತ್ರ ಚೆನ್ನಾಗಿರುತ್ತದೆ ಎಂದೇನಲ್ಲ, ತಿಥಿ ತಪ್ಪಿರುವುದಿಲ್ಲ ಎಂದು.

ತಿಥಿ, ನಕ್ಷತ್ರ, ಹಬ್ಬ, ಮಳೆ ನಕ್ಷತ್ರ ಎಲ್ಲವನ್ನೂ ಬರೆದುಕೊಡುತ್ತಿದ್ದವರು ಬೂದಿಕೋಟೆಯ ಒಬ್ಬ ನಿವೃತ್ತ ಮೇಷ್ಟ್ರು. ನಾನು ಕೆಲಸಕ್ಕೆ ಸೇರುವ ಎಷ್ಟೋ ವರ್ಷ ಮೊದಲಿನಿಂದ ಅವರದೇ ಪಂಚಾಂಗ, ಕೆಳಗೆ ಅವರದೇ ಹೆಸರು. ದಸರಾ ಕಳೆದ ಮೇಲೆ ನಾನು ಬಸ್ಸು ಹತ್ತಿ ಅವರ ಮನೆಗೆ ಹೋಗಿ ಹಸ್ತಪ್ರತಿ ತರುತ್ತಿದ್ದೆ. ಬೇರೆ ಯಾರ ಪಂಚಾಂಗವೂ ಆ ಮನೆಯೊಳಗೆ ಬರುತ್ತಿರಲಿಲ್ಲ. ‘ನೋಡಿ ಬರೆಯೋದಾದ್ರೆ ನಾನ್ಯಾಕೆ ಬರೀಬೇಕು’ ಎನ್ನುವರು. ಅವರ ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿರುತ್ತಿದ್ದರು. ನನ್ನನ್ನು ಕಂಡ ಕೂಡಲೇ ಎದ್ದು ಕಾಫಿ ತರುವರು. ‘ಬಸ್ಸಿನಾಗೆ ಸೀಟು ಸಿಕ್ತಾ?’ ಎಂದು ಕೇಳುವರು. ಅಷ್ಟೇ ಅವರ ಮಾತು.

ಮೂರು ವರ್ಷದ ಹಿಂದೆ, ಚೈತ್ರದಲ್ಲಿ, ಮೇಷ್ಟ್ರ ಹೆಂಡತಿ ತೀರಿಕೊಂಡರು. ಆ ವರ್ಷ ದಸರಾ ಆದ ಮೇಲೆ ನಾನು ಹೋದಾಗ ಮೇಷ್ಟ್ರು ಬಾಗಿಲಲ್ಲೇ ನಿಂತು ಹಸ್ತಪ್ರತಿ ಕೊಟ್ಟು ಕಳಿಸಿದರು. ಅಕ್ಷರ ಸ್ವಲ್ಪ ನಡುಗಿತ್ತು. ದುಃಖದಲ್ಲಿದ್ದಾರೆ ಎಂದುಕೊಂಡೆ.

ಅದೇ ಸಮಯಕ್ಕೆ ನಮ್ಮ ಹಳೇ ಮೆಷಿನ್ ಪೂರ್ತಿ ಕೈಕೊಟ್ಟಿತು. ಯಜಮಾನರು ಎಲ್ಲಿಂದಲೋ ಒಂದು ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮೆಷಿನ್ ತರಿಸಿದರು. ಮಾರಿದ ಕಂಪನಿಯವರೇ ಜೋಡಿಸಿಕೊಡಲು ಮಲೇಷ್ಯಾದಿಂದ ಮೆಕ್ಯಾನಿಕ್ ಕಳಿಸುತ್ತಾರೆ ಎಂದರು. ಬಂದವರು ಅರವತ್ತರ ಹತ್ತಿರದ ಚೀನೀ ಮನುಷ್ಯ, ನರೆತ ತಲೆ, ಕೈಯಲ್ಲಿ ತಗಡಿನ ಪೆಟ್ಟಿಗೆ. ಯಾವ ಭಾಷೆಯಲ್ಲಿ ಮಾತಾಡಿಸುವುದು ಎಂದು ನಾವು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದಾಗ ಆತ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಕಡೆ ತಿರುಗಿ, ‘ವಣಕ್ಕಂ ಮಾ, ಕಾಪಿ ಕಿಡೈಕ್ಕುಮಾ?’ ಎಂದು ತಮಿಳಿನಲ್ಲಿ ಕಾಫಿ ಕೇಳಿದರು.

ನಮ್ಮ ಮೆಷಿನ್ ನಡೆಸುವ ಅಣ್ಣ ಆಂಡರ್ಸನ್‌ಪೇಟೆಯವನು, ಮನೆಮಾತು ತಮಿಳು. ಅವನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. ಬಂದವರು ಹುಟ್ಟಿ ಬೆಳೆದದ್ದು ಮಲೇಷ್ಯಾದ ತವರದ ಗಣಿಗಳ ಊರಿನಲ್ಲಂತೆ. ಅಪ್ಪ ಗಣಿಯಲ್ಲಿ ಕೂಲಿ. ಅಕ್ಕಪಕ್ಕದ ಮನೆಯವರೆಲ್ಲ ತಮಿಳರು. ಚಿನ್ನದ ಗಣಿ ಮುಚ್ಚಿದ ಕೆಜಿಎಫ್ ಕಡೆಯವರು ನಾವೆಂದು ಕೇಳಿ ಆತ ಬಹಳ ಹೊತ್ತು ತಲೆಯಾಡಿಸಿದರು. ನಮ್ಮ ಮೆಷಿನ್ ಅಣ್ಣನಿಗೂ ಆತನಿಗೂ ಆ ದಿನದಿಂದ ಕಳ್ಳುಬಳ್ಳಿಯ ನಂಟು. ಸಂಜೆ ಇಬ್ಬರೂ ಸ್ಟೇಷನ್ ರಸ್ತೆಗೆ ಹೋಗಿ ಪಾನಿಪುರಿ ತಿಂದು ಬರುತ್ತಿದ್ದರು. ನಾವೆಲ್ಲ ಆತನನ್ನು ‘ಅಯ್ಯಾ’ ಎಂದೇ ಕರೆದೆವು. ನಾನೂ ಕೆಜಿಎಫ್ ಪಕ್ಕದಲ್ಲೇ ಬೆಳೆದವಳಾದ್ದರಿಂದ ತಮಿಳಿನ ಮಾತು ಕಷ್ಟವಾಗಲಿಲ್ಲ.

ಎರಡನೆಯ ದಿನ ಮುಸ್ಸಂಜೆ ಕರೆಂಟು ಹೋಯಿತು. ಬೀದಿಯೆಲ್ಲ ಕತ್ತಲು. ನಾವು ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಪಶ್ಚಿಮದಲ್ಲಿ ಒಂದು ಹೊಳೆಯುವ ನಕ್ಷತ್ರ, ಅದರ ಎರಡೂ ಪಕ್ಕ ಒಂದೊಂದು ಸಣ್ಣದು. ಅಯ್ಯಾ ಬೆರಳು ತೋರಿಸಿ, ‘ಇದು ಯಾರು ಗೊತ್ತಾ?’ ಎಂದರು.

ಗೊತ್ತಿತ್ತು. ಅದು ಶ್ರವಣ ನಕ್ಷತ್ರ. ಶ್ರವಣಕುಮಾರ ಕಣ್ಣಿಲ್ಲದ ಅಪ್ಪ ಅಮ್ಮನನ್ನು ಕಾವಡಿಯ ಎರಡು ಬುಟ್ಟಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುತ್ತಿರುವುದು ಎಂದೆ.

ಅಯ್ಯಾ ಎದ್ದು ನಿಂತುಬಿಟ್ಟರು. ‘ಕಾವಡಿಯಾ? ಬುಟ್ಟಿಯಾ?’ ಎಂದು ಎರಡು ಸಲ ಕೇಳಿದರು. ಅವರ ಕಡೆಯೂ ಅದು ಕಾವಡಿ ಹೊತ್ತವನೇ. ಆದರೆ ಅವನು ದನ ಕಾಯುವವನು, ಬುಟ್ಟಿಯಲ್ಲಿರುವುದು ಅವನ ಇಬ್ಬರು ಮಕ್ಕಳು. ಹೆಂಡತಿ ದೇವಲೋಕದ ನೇಕಾರ್ತಿ. ಅವಳನ್ನು ಆಕಾಶದ ಹೊಳೆಯ ಆಚೆ ಕರೆದುಕೊಂಡು ಹೋಗಿಬಿಟ್ಟಿದ್ದಾರೆ. ಮಕ್ಕಳನ್ನು ಹೊತ್ತು ಅವನು ಅವಳ ಹಿಂದೆ ಹೊರಟಿದ್ದಾನೆ. ವರ್ಷಕ್ಕೊಂದೇ ಸಲ, ಏಳನೆಯ ತಿಂಗಳ ಏಳನೆಯ ದಿನ, ಹಕ್ಕಿಗಳು ಸೇತುವೆ ಕಟ್ಟುತ್ತವೆ, ಗಂಡ ಹೆಂಡತಿ ಕೂಡುತ್ತಾರೆ. ಆ ದಿನ ಹೆಚ್ಚುಕಡಿಮೆ ನಮ್ಮ ಶ್ರಾವಣದಲ್ಲೇ ಬರುತ್ತದೆ ಎಂದು ನಾನು ಲೆಕ್ಕ ಹಾಕಿ ಹೇಳಿದೆ. ಎರಡು ದೇಶದ ಜನ ಅದೇ ಮೂರು ಚುಕ್ಕಿ ನೋಡಿ ಅದೇ ಕಾವಡಿ ಕಂಡಿದ್ದರು.

ಅಷ್ಟರಲ್ಲಿ ಪೂರ್ವದಲ್ಲಿ ಕೃತ್ತಿಕೆಯ ಗೊಂಚಲು ಮೇಲೆದ್ದಿತ್ತು. ಕ್ಯಾಸಂಬಳ್ಳಿ ಕಡೆಯ ನನ್ನವ್ವ ಅದನ್ನು ತೆಲುಗಿನಲ್ಲಿ ‘ಪಿಲ್ಲಲ ಕೋಡಿ’ ಎನ್ನುತ್ತಾಳೆ, ಮರಿಗಳ ಜೊತೆಗಿರುವ ಕೋಳಿ. ಅಯ್ಯಾ ಅದನ್ನೂ ಗುರುತಿಸಿದರು. ಬೇರೆ ದೇಶದ ನೆನಪಿನಿಂದ. ಹರೆಯದಲ್ಲಿ ಆರು ವರ್ಷ ನ್ಯೂಜಿಲೆಂಡಿನ ಒಂದು ಪ್ರೆಸ್ಸಿನಲ್ಲಿದ್ದರಂತೆ. ಅಲ್ಲಿಯ ಮೂಲ ಜನ, ದೋಣಿಯಲ್ಲಿ ನಕ್ಷತ್ರ ಹಿಡಿದು ಸಮುದ್ರ ದಾಟಿ ಬಂದವರು, ಚಳಿಗಾಲದ ಮುಂಜಾನೆ ಈ ಗೊಂಚಲು ಮತ್ತೆ ಕಾಣುವುದನ್ನೇ ಕಾದು ಹೊಸ ವರ್ಷ ಹಿಡಿಯುತ್ತಾರೆ. ಇನ್ನೂ ಉತ್ತರದ ದ್ವೀಪಗಳಲ್ಲಿ ಅವರ ನೆಂಟರೇ ಇದ್ದಾರೆ. ಅವರಿಗೆ ಅದೇ ಗೊಂಚಲು ಸಂಜೆ ಹುಟ್ಟುವುದು ಮುಖ್ಯ, ಇವತ್ತಿನ ಹಾಗೆ. ನ್ಯೂಜಿಲೆಂಡಿನ ಆ ಜನಕ್ಕೆ ಚಂದ್ರನ ಒಂದೊಂದು ರಾತ್ರಿಗೂ ಒಂದೊಂದು ಹೆಸರು. ಈ ರಾತ್ರಿ ಹಾವುಮೀನು ಹಿಡಿ, ಈ ರಾತ್ರಿ ಗೆಣಸು ನೆಡು, ಈ ರಾತ್ರಿ ಸುಮ್ಮನೆ ಮನೆಯಲ್ಲಿರು. ಅಂಥ ಕ್ಯಾಲೆಂಡರನ್ನು ತಾವೇ ಅಚ್ಚು ಹಾಕಿದ್ದಾಗಿ ಹೇಳಿದರು.

‘ಗೊಂಚಲು ಕಂಡ ಕೂಡಲೇ ಅವರು ಮೊದಲು ಮಾಡುವುದೇನು ಗೊತ್ತಾ? ಆ ವರ್ಷ ಸತ್ತವರ ಹೆಸರು ಒಂದೊಂದಾಗಿ ಗಟ್ಟಿಯಾಗಿ ಕೂಗುತ್ತಾರೆ. ಆಮೇಲೆ ಹಬ್ಬ.’

ಮರುದಿನ ಮೆಷಿನ್ ತಯಾರಾಯಿತು. ಕ್ಯಾಲೆಂಡರಿನ ಪ್ಲೇಟುಗಳೂ ತಯಾರಿದ್ದವು. ಹನ್ನೆರಡು ಪುಟದ ಪ್ರೂಫನ್ನು ನಾನು ಗೋಡೆಗೆ ಅಂಟಿಸಿದ್ದೆ. ಅಯ್ಯಾ ತಮ್ಮ ತಗಡಿನ ಪೆಟ್ಟಿಗೆಯಿಂದ ಮಲೇಷ್ಯಾದ ಕ್ಯಾಲೆಂಡರ್ ತೆಗೆದು ಪಕ್ಕದಲ್ಲಿ ಹಿಡಿದು ನೋಡತೊಡಗಿದರು. ಕನ್ನಡ ಓದಲು ಬಾರದಿದ್ದರೂ ಕೆಂಪು ಅಂಕಿ, ಅಮಾವಾಸ್ಯೆಯ ಕಪ್ಪು ಚುಕ್ಕಿ, ದೀಪದ ಚಿತ್ರ ಅರ್ಥವಾಗುತ್ತಿತ್ತು.

‘ಎಂಗ ಊರ್ಲ ದೀಪಾವಳಿ ನವಂಬರ್ಲ,’ ಎಂದರು. ‘ಉಂಗ ಊರ್ಲ ಏನ್ ಅಕ್ಟೋಬರ್ಲ?’ ಅಲ್ಲಿ ನವೆಂಬರಿನಲ್ಲಿ ಬರುವ ದೀಪಾವಳಿ ಇಲ್ಲಿ ಯಾಕೆ ಅಕ್ಟೋಬರಿನಲ್ಲಿ ಎಂದು.

ಯಜಮಾನರು ಕಾಫಿ ಕುಡಿಯುತ್ತಿದ್ದವರು, ‘ಅವ್ರ ದೇಸ್ದಾಗೆ ಲೇಟಾಗಿ ಮಾಡ್ತಾರೇನೋ, ಬುಡಮ್ಮ’ ಎಂದು ನಕ್ಕರು.

ಅಯ್ಯಾ ನಗಲಿಲ್ಲ. ‘ನಿಮ್ಮದೂ ಚಂದ್ರನ ತಿಂಗಳು, ನಮ್ಮದೂ ಚಂದ್ರನ ತಿಂಗಳು. ಬರುವ ವರ್ಷ ನಮಗೆ ಎರಡನೆಯ ತಿಂಗಳು ಎರಡು ಸಲ ಬರುತ್ತದೆ. ಒಟ್ಟು ಹದಿಮೂರು ತಿಂಗಳು. ನಿಮಗೆ ಯಾವುದು ಎರಡು ಸಲ?’

ನಾನು ಗೋಡೆಯ ಮುಂದೆ ನಿಂತು ಬೆರಳಿಟ್ಟು ಎಣಿಸಿದೆ. ಯುಗಾದಿ, ರಾಮನವಮಿ, ವರಮಹಾಲಕ್ಷ್ಮಿ, ಗೌರಿ, ದಸರಾ. ಯಾವ ತಿಂಗಳೂ ಎರಡು ಸಲ ಇರಲಿಲ್ಲ. ಚಂದ್ರನ ಹನ್ನೆರಡು ತಿಂಗಳಿಗೆ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಮೂರು ವರ್ಷ ತುಂಬುವುದರೊಳಗೆ ಒಂದು ತಿಂಗಳೇ ಕೂಡುತ್ತದೆ, ಆಗ ಅಧಿಕಮಾಸ. ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಹಿಂದಿನ ಅಧಿಕಮಾಸ ಬಂದು ಎಷ್ಟಾಯಿತು ಎಂದು ನೆನೆದೆ. ಮೂರನೆಯ ವರ್ಷ.

ಮೊಬೈಲು ತೆಗೆದು ನೋಡಿದೆ. ಲೋಕದ ಎಲ್ಲ ಕ್ಯಾಲೆಂಡರಿನಲ್ಲೂ ದೀಪಾವಳಿ ನವೆಂಬರಿನಲ್ಲಿತ್ತು. ಗಣೇಶನ ಹಬ್ಬ ಸೆಪ್ಟೆಂಬರಿನಲ್ಲಿ, ನಮ್ಮದರಲ್ಲಿ ಆಗಸ್ಟಿನಲ್ಲಿ. ನಾನು ಇಷ್ಟು ವರ್ಷ ತಿದ್ದಿದ್ದು ಕಾಗುಣಿತವನ್ನು. ಮೇಷ್ಟ್ರ ಹಾಳೆಯಲ್ಲಿದ್ದದ್ದು ಪ್ರೂಫಿನಲ್ಲಿದೆಯೇ ಎಂದಷ್ಟೇ ನೋಡುತ್ತಿದ್ದೆ. ಮೆಷಿನ್ ಅಣ್ಣನಿಗೆ ಆಡಿ, ಆವಣಿ ಎಂಬ ತಮಿಳರ ಸೂರ್ಯನ ತಿಂಗಳೇ ಗೊತ್ತು. ಅದರಲ್ಲಿ ಅಧಿಕದ ಗೋಜಿಲ್ಲ. ಹೀಗೆ ಎಲ್ಲರ ಕೈ ದಾಟಿ ಅದು ಅಚ್ಚಿಗೆ ಹೊರಟಿತ್ತು.

‘ಯಾರಿಗೂ ಏಳ್ಬೇಡ,’ ಯಜಮಾನರು ಕಾಫಿ ಲೋಟ ಕೆಳಗಿಟ್ಟರು. ‘ಈಗ್ಲೇ ಓಗು ಬೂದಿಕೋಟೆಗೆ.’

ಪ್ರೂಫ್ ಸುತ್ತಿಕೊಂಡು ಬಸ್ಸು ಹತ್ತಿದೆ. ಮೇಷ್ಟ್ರು ಜಗಲಿಯ ಮೇಲೆ ಕುಳಿತಿದ್ದರು. ದೀಪಾವಳಿಯ ಪುಟ ಬಿಚ್ಚಿ ತೋರಿಸಿದೆ. ಮೊದಲು ಅವರಿಗೆ ಸಿಟ್ಟು ಬಂತು.

‘ಯಾವನೋ ಮೆಷಿನ್ ರಿಪೇರಿಯೋನು ಹೇಳ್ದ ಅಂತ ನನ್ನ ಪಂಚಾಂಗ ತಪ್ಪು ಅಂತೀಯಾ? ನಲವತ್ತು ವರ್ಷದಿಂದ ಬರ್ಕೊಡ್ತಿದೀನಿ!’

‘ಅಧಿಕಮಾಸ ಯಾವುದು ಮೇಷ್ಟ್ರೇ?’ ಎಂದೆ.

ಮೇಷ್ಟ್ರು ಬೆರಳ ಗೆಣ್ಣು ಮುಟ್ಟಿ ಎಣಿಸಿದರು. ಮತ್ತೆ ಮೊದಲಿನಿಂದ ಎಣಿಸಿದರು. ಆಮೇಲೆ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೀದಿಯ ಕಡೆ ನೋಡುತ್ತ ಕುಳಿತರು.

‘ಅವಳು ಹೇಳ್ಲಿಲ್ಲ,’ ಎಂದರು.

‘ಯಾರು ಮೇಷ್ಟ್ರೇ?’

ಅವರು ತಲೆ ತಿರುಗಿಸಿ ಅಡುಗೆಮನೆಯ ಹೊಸ್ತಿಲು ನೋಡಿದರು. ನನಗೆ ಆಗಲೂ ತಿಳಿಯಲಿಲ್ಲ.

‘ನಂಗೆ ಗಣಿತ ಬರಲ್ಲಮ್ಮ,’ ಎಂದರು, ನನ್ನ ಮುಖ ನೋಡದೆ. ‘ಸ್ಕೂಲಲ್ಲಿ ಕನ್ನಡ ಪಾಠ ಮಾಡ್ತಿದ್ದೋನು ನಾನು. ಪಂಚಾಂಗ ಪೂರ್ತಿ ಅವಳದು. ಅವಳು ಲೆಕ್ಕ ಹಾಕಿ ಹೇಳೋಳು, ನಾನು ಅಂದವಾಗಿ ಬರೀತಿದ್ದೆ. ಈ ವರ್ಷ ಹೋದ ವರ್ಷದ್ದನ್ನೇ ಮುಂದಿಟ್ಕೊಂಡು ಹನ್ನೊಂದು ದಿನ ಹಿಂದಕ್ಕೆ ತಳ್ಳಿ ಬರೆದೆ. ಸರಿ ಇರುತ್ತೆ ಅಂದ್ಕೊಂಡೆ.’

ಹದಿಮೂರು ವರ್ಷ ಆ ಹೆಂಗಸಿನ ಕೈಯ ಕಾಫಿ ಕುಡಿದಿದ್ದೆ. ಅವರ ಕೈಯಲ್ಲಿ ಯಾವಾಗಲೂ ಒಂದು ಸ್ಲೇಟು ಇರುತ್ತಿತ್ತು, ಅದರ ತುಂಬ ಚುಕ್ಕಿ. ನನ್ನನ್ನು ಕಂಡರೆ ಸೆರಗಿನಿಂದ ಒರೆಸಿಬಿಡುತ್ತಿದ್ದರು. ರಂಗೋಲಿ ಅಭ್ಯಾಸ ಮಾಡುತ್ತಾರೆ ಎಂದುಕೊಂಡಿದ್ದೆ. ಒಂದು ದಿನವಾದರೂ ‘ಏನಮ್ಮಾ ಅದು?’ ಎಂದು ಕೇಳಿರಲಿಲ್ಲ.

ಮೇಷ್ಟ್ರು ಹೇಳುತ್ತ ಹೋದರು. ಆಕೆ ಗಡಿಯಾಚೆ ಆಂಧ್ರದ ಹಳ್ಳಿಯವರು. ತಂದೆ ಪಂಚಾಂಗ ಗುಣಿಸುವವರು, ಗಂಡು ಮಕ್ಕಳಿರಲಿಲ್ಲ. ಬೇರೆ ಹುಡುಗರಿಗೆ ಪಾಠ ಹೇಳುವಾಗ ಈಕೆ ಗೋಡೆಯ ಆಚೆ ಅಕ್ಕಿ ಆರಿಸುತ್ತ ಕೇಳಿಸಿಕೊಂಡೇ ಕಲಿತದ್ದು. ಮದುವೆಯಾಗಿ ಬಂದ ಮೇಲೆ ಒಂದು ಯುಗಾದಿಗೆ ಊರಿನ ಪಂಚಾಂಗದಲ್ಲಿ ಗ್ರಹಣದ ಹೊತ್ತು ತಪ್ಪಿದೆ ಎಂದು ಗಂಡನಿಗೆ ಹೇಳಿದರಂತೆ. ಗ್ರಹಣ ಆಕೆ ಹೇಳಿದ ಹೊತ್ತಿಗೇ ಹಿಡಿಯಿತು. ಆಮೇಲೆ ಶುರುವಾದದ್ದು ಇದು.

‘ನಲವತ್ತು ವರ್ಷ ನಿಮ್ಮ ಹೆಸರೇ ಹಾಕಿಸ್ಕೊಂಡ್ರಲ್ಲ ಮೇಷ್ಟ್ರೇ?’ ನನ್ನ ಬಾಯಿಂದ ಬಂದೇಬಿಟ್ಟಿತು. ಅವರ ಮುಂದೆ ನಾನು ಹಾಗೆ ಎಂದೂ ಮಾತಾಡಿದವಳಲ್ಲ.

‘ಮೊದಲನೇ ವರ್ಷ ಅವಳೇ ಹೇಳಿದ್ಲು, ಹೆಂಗಸಿನ ಪಂಚಾಂಗ ಯಾರು ತಗೋತಾರೆ ಅಂತ. ಎರಡನೇ ವರ್ಷ ನಾನು ಅವಳನ್ನ ಕೇಳ್ಲಿಲ್ಲ.’ ಅಡುಗೆಮನೆಯ ಕಡೆ ತಿರುಗಿ, ‘ಆಮೇಲೆ ಯಾವತ್ತೂ ಕೇಳ್ಲಿಲ್ಲ’ ಎಂದರು.

ಒಳಗೆ ಮಂಚದ ಕೆಳಗೆ ಆಕೆಯದೊಂದು ಟ್ರಂಕು. ಅದನ್ನು ಅವರು ಚೈತ್ರದಿಂದ ಮುಟ್ಟಿರಲಿಲ್ಲ. ಈಗ ತೆಗೆಸಿದರು. ತುಂಬ ನೋಟ್‌ಬುಕ್ಕುಗಳು, ಎಲ್ಲ ತೆಲುಗಿನಲ್ಲಿ, ಓಡುವ ಕೈಬರಹ. ಮೇಷ್ಟ್ರಿಗೆ ತೆಲುಗು ಮಾತಾಡಲು ಬರುತ್ತದೆ, ಆ ಬರಹ ಓದಲು ಬರದು. ನಾನು ಪ್ರೆಸ್ಸಿನಲ್ಲಿ ತೆಲುಗು ಮದುವೆ ಪತ್ರಿಕೆ ತಿದ್ದುವವಳು. ಕೊನೆಯ ಪುಸ್ತಕ ಬಿಚ್ಚಿದೆ. ಬರುವ ವರ್ಷದ್ದು, ಅದರಾಚೆ ಇನ್ನೆರಡು ವರ್ಷದ್ದು ಮುಗಿದಿತ್ತು. ಸೂರ್ಯ ಯಾವ ಘಳಿಗೆಗೆ ಯಾವ ರಾಶಿಗೆ ಹೋಗುತ್ತಾನೆ ಎಂಬ ಉದ್ದದ ಪಟ್ಟಿ, ಅದರ ಪಕ್ಕ ಅಮಾವಾಸ್ಯೆಗಳ ಪಟ್ಟಿ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ರಾಶಿ ಬದಲಿಸದೆ ಹೋದ ಒಂದು ಜಾಗಕ್ಕೆ ಸುತ್ತು ಹಾಕಿ ಬರೆದಿದ್ದರು, ‘ಅಧಿಕ ಶ್ರಾವಣ’.

ಅಂಚುಗಳಲ್ಲಿ ಬೇರೆ ಬರಹವೂ ಇತ್ತು. ಪ್ರತಿ ವರ್ಷ ಜ್ಯೇಷ್ಠದ ಆಸುಪಾಸಿನಲ್ಲಿ ಒಂದು ಸಾಲು: ಬೆಳಗಿನ ಜಾವ ಕೃತ್ತಿಕೆ ಇವತ್ತು ಕಂಡಿತು. ಕೆಲವು ವರ್ಷ, ಮೋಡ, ಕಾಣಲಿಲ್ಲ. ಒಂದು ವರ್ಷ, ಜ್ವರ, ಆದರೂ ಮಾಳಿಗೆ ಹತ್ತಿದೆ. ಓದಿ ಹೇಳಿದೆ.

ಮೇಷ್ಟ್ರು ಮಾಳಿಗೆಯ ಮೆಟ್ಟಿಲ ಕಡೆ ನೋಡಿದರು. ‘ಬಟ್ಟೆ ಒಣಗಿ ಹಾಕಕ್ಕೆ ಮಾಳಿಗೆ ಹತ್ತುತಾಳೆ ಅಂದ್ಕೊಂಡಿದ್ದೆ. ಕತ್ತಲಲ್ಲಿ ಯಾರಮ್ಮ ಬಟ್ಟೆ ಒಣಗಿ ಹಾಕ್ತಾರೆ?’

ನಾನು ಅವರಿಗೆ ಅಯ್ಯಾ ಹೇಳಿದ್ದನ್ನು ಹೇಳಿದೆ. ದಕ್ಷಿಣದ ಸಮುದ್ರದ ನಡುವೆ ಒಂದು ದೇಶವಿದೆ, ಅಲ್ಲಿಯವರೂ ಹೀಗೇ ಬೆಳಗಿನ ಜಾವ ಎದ್ದು ಇದೇ ಕೃತ್ತಿಕೆಯನ್ನು ಕಾಯುತ್ತಾರೆ, ಅದು ಕಂಡಾಗ ಆ ವರ್ಷ ತೀರಿಕೊಂಡವರ ಹೆಸರು ಕೂಗುತ್ತಾರೆ ಎಂದು. ಸಮಾಧಾನಕ್ಕೆಂದು ಹೇಳಿದ್ದಲ್ಲ, ಸುಮ್ಮನೆ ಬಾಯಿಗೆ ಬಂತು. ಮೇಷ್ಟ್ರು ಪ್ರೂಫಿನ ಕೆಳಗಿನ ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. ಆಮೇಲೆ ಹೇಳಿದರು:

‘ಅವಳ ಹೆಸರು ಹಾಕ್ಸು. ನಂದು ತೆಗೆದ್ಬಿಡು.’

ಮೂರು ದಿನ ನಾನು ಬಂಗಾರಪೇಟೆಗೂ ಬೂದಿಕೋಟೆಗೂ ಓಡಾಡಿದೆ. ನಾನು ಓದಿ ಹೇಳುವುದು, ಅವರು ಕನ್ನಡದಲ್ಲಿ ಬರೆಯುವುದು. ಅವರ ಅಕ್ಷರ ಮತ್ತೆ ನೆಟ್ಟಗಾಗಿತ್ತು. ಶ್ರಾವಣದಿಂದ ಆಚೆಗಿನ ಪುಟಗಳನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದೆವು.

ಹೆಸರಿನ ವಿಷಯ ಕೇಳಿ ಯಜಮಾನರು ಕುರ್ಚಿಯಿಂದ ಎದ್ದರು. ‘ತಲೆ ಕೆಟ್ಟೈತಾ ನಿಂಗೆ? ಮೇಷ್ಟ್ರ ಎಸ್ರು ನೋಡಿ ಜನ ತಗೊಳ್ಳೋದು. ಸತ್ತೋಗಿರೋ ಎಂಗ್ಸಿನ ಎಸ್ರು ಆಕಿದ್ರೆ ಒಸಾ ವರ್ಸದ ದಿನ ಯಾರು ಗೋಡೆಗೆ ಏರಿಸ್ತಾರೆ?’

‘ಹೆಸರು ಹಾಕದಿದ್ರೆ ಮೇಷ್ಟ್ರು ಹಾಳೆ ವಾಪಸ್ ಕೊಡು ಅಂತಾರೆ,’ ಎಂದೆ. ಅದು ನಿಜವಲ್ಲ, ಮೇಷ್ಟ್ರು ಹಾಗೆ ಅಂದಿರಲಿಲ್ಲ. ಆದರೂ ಅಂದೇಬಿಟ್ಟೆ.

ಕೊನೆಗೆ ಎರಡು ಸಾಲು ಬಂತು. ಗಣಿತ ಎಂದು ಆಕೆಯ ಹೆಸರು, ಬರಹ ಎಂದು ಮೇಷ್ಟ್ರ ಹೆಸರು. ಅಯ್ಯಾ ಮೆಷಿನ್ ಚಾಲೂ ಮಾಡಿ ಮೊದಲ ಹಾಳೆ ಎಳೆದು ಬೆಳಕಿಗೆ ಹಿಡಿದು ಬಣ್ಣ ನೋಡಿದರು. ಅದರ ಒಂದು ಪ್ರತಿಯನ್ನು ಮಡಚಿ ತಗಡಿನ ಪೆಟ್ಟಿಗೆಗೆ ಹಾಕಿಕೊಂಡು ಆ ವಾರವೇ ಊರಿಗೆ ಹೊರಟರು. ಮೆಷಿನ್ ಅಣ್ಣ ಸ್ಟೇಷನ್ನಿನ ತನಕ ಹೋಗಿ ಬಿಟ್ಟು ಬಂದು ಎರಡು ದಿನ ಸಂಜೆ ಪಾನಿಪುರಿಯ ಕಡೆ ಹೋಗಲಿಲ್ಲ.

ಯಜಮಾನರ ಹೆದರಿಕೆ ಪೂರ್ತಿ ಸುಳ್ಳಾಗಲಿಲ್ಲ. ಒಬ್ಬ ಅಕ್ಕಿ ವ್ಯಾಪಾರಿ ಕಟ್ಟು ಬಿಚ್ಚಿ ನೋಡಿ, ಇದು ಅಪಶಕುನ ಎಂದು ವಾಪಸ್ ಕಳಿಸಿದ. ಬೂದಿಕೋಟೆಯಲ್ಲಿ ಕೆಲವರು ಮೇಷ್ಟ್ರ ಮನೆಯ ಮುಂದೆ ನಿಂತು, ಇಷ್ಟು ವರ್ಷ ನಮಗೆ ಮೋಸ ಮಾಡಿದಿರಾ ಎಂದು ಕೇಳಿದರು. ಅವರು ‘ಹೌದು’ ಎಂದರಂತೆ. ಕೇಳಿದವರು ಹೊರಟುಹೋದರಂತೆ. ಉಳಿದ ಜನ ತಿಥಿ ಸರಿಯಾಗಿದೆಯೇ ನೋಡಿಕೊಂಡು ಗೋಡೆಗೆ ಹಾಕಿಕೊಂಡರು.

ಆಕೆಯ ಪುಸ್ತಕದಲ್ಲಿ ಬರೆದಿಟ್ಟ ವರ್ಷಗಳು ಹೋದ ವರ್ಷಕ್ಕೆ ಮುಗಿದವು. ಅಷ್ಟರಲ್ಲಿ ಆಕೆಯ ಹಳೆಯ ನೋಟ್‌ಬುಕ್ಕುಗಳನ್ನು ಮೊದಲಿನಿಂದ ಓದಿ ಓದಿ, ಭಾನುವಾರಗಳೆಲ್ಲ ತಲೆ ಕೆಡಿಸಿಕೊಂಡು, ನಾನು ಲೆಕ್ಕ ಕಲಿತಿದ್ದೆ. ಈ ಸಲದ್ದನ್ನು ನಾನೇ ಗುಣಿಸಿದೆ. ಮತ್ತೆ ಅಧಿಕಮಾಸ, ಈ ಸಲ ಜ್ಯೇಷ್ಠಕ್ಕೆ. ಐದು ಸಲ ಸರಿನೋಡಿದೆ. ಮೇಷ್ಟ್ರಿಗೆ ತೋರಿಸಿದರೆ, ‘ನನ್ನನ್ನೇನು ಕೇಳ್ತೀಯಾ? ನಂಗೆ ಬರಲ್ಲ ಅಂದಿದ್ದೀನಲ್ಲ’ ಎಂದು ಪೆನ್ನು ತೆಗೆದುಕೊಂಡು ಬರೆಯಲು ಕುಳಿತರು.

ಯಜಮಾನರು ಈ ಸಲ ಏನೂ ಅನ್ನದೆ ಗಣಿತದ ಸಾಲಿನಲ್ಲಿ ನನ್ನ ಹೆಸರು ಹಾಕಿಸಿದರು. ಮೊದಲ ಪ್ರತಿ ತೆಗೆದುಕೊಂಡು ಕ್ಯಾಸಂಬಳ್ಳಿ ಕಡೆ ಊರಿಗೆ ಹೋದೆ. ಅವ್ವನಿಗೆ ಓದು ಬರದು. ಕೂಲಿಗೆ ಹೋಗಿ ಬಂದವಳು ಕೈ ತೊಳೆದುಕೊಂಡು ಕ್ಯಾಲೆಂಡರ್ ಇಸಿದುಕೊಂಡಳು.

‘ನಿನ್ನೆಸ್ರಾ? ಎಲ್ಲೈತೆ?’

ತೋರಿಸಿದೆ. ಬೆರಳಿಟ್ಟು ನೋಡಿದಳು. ಆಮೇಲೆ ಒಲೆಯ ಪಕ್ಕದ ಮೊಳೆಗೆ ಅದನ್ನು ಸಿಕ್ಕಿಸಿ ಕೇಳಿದಳು:

‘ರೋಹಿಣಿ ಮಳೆ ಯಾವತ್ತು ಉಟ್ತದೆ ಅಂತ ಬರ್ದಿದ್ದೀಯಾ?’

ಹೇಳಿದೆ.

‘ಊಂ. ಇನ್ಮೇಲೆ ಮಳೆ ಬರ್ಲಿಲ್ಲ ಅಂದ್ರೆ ಬೀದಿನಾಗೆ ಎಲ್ರೂ ನನ್ನನ್ನೇ ಬೈತಾರೆ ಕಣೇ,’ ಎಂದು ಒಲೆ ಹಚ್ಚಿದಳು.